ಸಾಲ ತೀರಿತು, ಜೂಜು ನಿಲ್ಲಲಿಲ್ಲ: ಒಂದು ಮನೆಯ ಪ್ರಕರಣ

ಅಣ್ಣ ಎರಡು ಸಲ ತಮ್ಮನ ಸಾಲ ತೀರಿಸಿದ್ದ. ಮೊದಲ ಸಲ ಉಳಿತಾಯದ ದುಡ್ಡು ಕೊಟ್ಟ. ಎರಡನೇ ಸಲ ತನ್ನ ಹೆಸರಲ್ಲೇ ಬ್ಯಾಂಕ್ ಸಾಲ ತೆಗೆದು ಕೊಟ್ಟ. ಎರಡೂ ಸಲ ತಮ್ಮ ಅತ್ತು ಮಾತು ಕೊಟ್ಟಿದ್ದ: "ಇನ್ನು ಆ ಕಡೆ ತಲೆ ಹಾಕಲ್ಲ ಅಣ್ಣಾ." ಅದು ನಾಟಕವಾಗಿರಲಿಲ್ಲ. ಹೇಳುವ ಹೊತ್ತಿಗೆ ಆತ ತನ್ನ ಮಾತನ್ನು ಪೂರ್ತಿ ನಂಬಿದ್ದ. ಮೂರನೇ ಸಲ ತಮ್ಮನ ಫೋನ್ ಬಂದಾಗ ಅಣ್ಣ ದುಡ್ಡು ಕಳಿಸಲಿಲ್ಲ. ತಮ್ಮನ ಹೆಂಡತಿಗೆ ಫೋನ್ ಮಾಡಿದ. ಅಲ್ಲಿಯವರೆಗೆ ಆಕೆಗೆ ಏನೂ ಗೊತ್ತಿರಲಿಲ್ಲ.

ಯಾರ ಗುರುತೂ ಸಿಗಬಾರದು ಅಂತ, ಇಂಥ ಮನೆಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಸೇರಿಸಿ ಒಂದೇ ಮನೆಯ ಪ್ರಕರಣವಾಗಿ ಬರೆದಿದ್ದೇನೆ. ಕಾಯಿಲೆ, ಚಿಕಿತ್ಸೆ, ಸಹಾಯ ಗುಂಪುಗಳ ಬಗ್ಗೆ ಹೇಳಿರುವುದು ಮಾತ್ರ ಇದ್ದದ್ದು ಇದ್ದ ಹಾಗೇ ಇದೆ. ಊರು, ದೇಶ ಹೇಳಿಲ್ಲ. ಈ ಚಟ ಎಲ್ಲಿ ಹೋದರೂ ಹೆಚ್ಚುಕಮ್ಮಿ ಒಂದೇ ದಾರಿ ಹಿಡಿಯುತ್ತದೆ.

ಶುರುವಾದದ್ದು

ಆತನಿಗೆ 34 ವರ್ಷ. ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಕುಡಿತ ಇಲ್ಲ, ಬೇರೆ ದುರಭ್ಯಾಸ ಇಲ್ಲ. ಒಬ್ಬಳು ಮಗಳು. "ಲೆಕ್ಕ ಗೊತ್ತಿರೋನು ಹೀಗೆ ಮಾಡ್ತಾನಾ?" ಅಂತ ಆಮೇಲೆ ಮನೆಯವರೆಲ್ಲ ಕೇಳಿದರು. ಮಾಡುತ್ತಾರೆ. ಸೋಲುವ ಸಾಧ್ಯತೆ ಎಷ್ಟು ಅಂತ ಗೊತ್ತಿದ್ದೂ ಆಡುವವರು ಬೇಕಾದಷ್ಟು ಜನ. ಆಡುವ ಹೊತ್ತಿನಲ್ಲಿ ಆ ಲೆಕ್ಕ ತಲೆಗೆ ಬರುವುದೇ ಇಲ್ಲ.

ಗೆಳೆಯರ ಜೊತೆ ಪಂದ್ಯಗಳ ಮೇಲೆ ಸಣ್ಣ ಬೆಟ್ ಕಟ್ಟುವುದರಿಂದ ಶುರು. ಮೊದಲ ಕೆಲವು ತಿಂಗಳಲ್ಲೇ ಒಂದು ದೊಡ್ಡ ಗೆಲುವು ಬಂತು. ಎರಡು ತಿಂಗಳ ಸಂಬಳದಷ್ಟು. ಮನೆಗೆ ಏನೋ ಬೋನಸ್ ಅಂತ ಹೇಳಿ ಎಲ್ಲರಿಗೂ ಉಡುಗೊರೆ ತಂದ. ಆಮೇಲೆ ಬೆಟ್ಟಿಂಗ್ ಫೋನಿಗೆ ಬಂತು. ಪಂದ್ಯ ಇಲ್ಲದ ರಾತ್ರಿಗಳಲ್ಲಿ ಅದೇ ಆ್ಯಪ್‌ನಲ್ಲಿದ್ದ ಸ್ಲಾಟ್ ಆಟ, ಅಂದರೆ ತಿರುಗುವ ಚಿತ್ರಗಳು ಒಂದೇ ಥರ ಹೊಂದಿದರೆ ದುಡ್ಡು ಬರುವ ಆಟ, ಶುರು ಮಾಡಿದ. ಪಂದ್ಯದಲ್ಲಿ ಫಲಿತಾಂಶಕ್ಕೆ ಗಂಟೆಗಟ್ಟಲೆ ಕಾಯಬೇಕು. ಸ್ಲಾಟ್‌ನಲ್ಲಿ ಕೆಲವೇ ಸೆಕೆಂಡು. ಆಟ ಎಷ್ಟು ವೇಗವೋ ಹಿಡಿತ ಅಷ್ಟು ಬೇಗ ತಪ್ಪುತ್ತದೆ.

ರಾಬರ್ಟ್ ಕಸ್ಟರ್ ಎಂಬ ಮನೋವೈದ್ಯರು 1972ರಲ್ಲಿ ಅಮೆರಿಕದ ಒಹಾಯೋ ರಾಜ್ಯದ ಬ್ರೆಕ್ಸ್‌ವಿಲ್‌ನಲ್ಲಿ, ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ ಜೂಜಿನ ಚಟಕ್ಕೇ ಅಂತ ಚಿಕಿತ್ಸಾ ವಿಭಾಗ ಶುರು ಮಾಡಿದರು. ಈ ಚಟ ಮೂರು ಹಂತ ದಾಟುತ್ತದೆ ಅಂತ ಅವರು ವಿವರಿಸಿದ್ದರು: ಗೆಲ್ಲುವ ಹಂತ, ಸೋಲುವ ಹಂತ, ದಿಕ್ಕೆಟ್ಟ ಹಂತ. ಎಲ್ಲರದೂ ಹೀಗೇ ಸಾಗುತ್ತದೆ ಅಂತಲ್ಲ. ಈತನದು ಮಾತ್ರ ಹಾಗೇ ಸಾಗಿತ್ತು.

ಬ್ಯಾಂಕ್ ಸ್ಟೇಟ್‌ಮೆಂಟ್

ಅಣ್ಣನ ಫೋನ್ ಬಂದ ಸಂಜೆ ಹೆಂಡತಿ ಗಂಡನ ಎದುರು ಕೂತು ಒಂದೇ ವಿಷಯ ಕೇಳಿದಳು: ಮೂರು ತಿಂಗಳ ಸ್ಟೇಟ್‌ಮೆಂಟ್. ಆತ ಒಂದು ಗಂಟೆ ಸಬೂಬು ಹೇಳಿದ. ಆಮೇಲೆ ಫೋನ್ ಕೈಗೆ ಕೊಟ್ಟ.

ಸಂಬಳ ಬಿದ್ದ ದಿನ ರಾತ್ರಿ ಹತ್ತೂವರೆಗೆ ಆಟಕ್ಕೆ ಮೊದಲ ಕಂತು ಹೋಗಿತ್ತು. ಸಣ್ಣ ಮೊತ್ತ. ಇಪ್ಪತ್ತು ನಿಮಿಷಕ್ಕೆ ಇನ್ನೊಂದು, ಅದರ ಎರಡರಷ್ಟು. ಮಧ್ಯರಾತ್ರಿಯ ಹೊತ್ತಿಗೆ ಐದೈದು ನಿಮಿಷಕ್ಕೆ ಒಂದೊಂದು ಸಾಲು. ಎರಡು ಗಂಟೆಗೆ ನಿಂತಿತ್ತು, ಯಾಕಂದರೆ ಖಾತೆ ಖಾಲಿ. ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಯಾವುದೋ ಸಾಲದ ಆ್ಯಪ್‌ನಿಂದ ಹಣ ಬಂದಿತ್ತು. ಹತ್ತು ಗಂಟೆಗೆ ಮನೆ ಬಾಡಿಗೆ ಹೋಗಿತ್ತು. ಅಂದರೆ ಎಲ್ಲ ಸರಿ ಇದೆ ಅಂತ ಆಕೆಗೆ ಕಾಣಿಸುತ್ತಿದ್ದ ಬಾಡಿಗೆ ಸಾಲದ ದುಡ್ಡಿನದು.

ಆ್ಯಪ್‌ನ ಒಳಗಿನ ಲೆಕ್ಕ ತೆರೆದಾಗ ಇನ್ನೊಂದು ಸಂಗತಿ ಕಂಡಿತು. ಒಂದು ರಾತ್ರಿ ಆತ ಚೆನ್ನಾಗಿಯೇ ಗೆದ್ದಿದ್ದ. ಸಾಲ ಕೊಟ್ಟ ಒಬ್ಬನ ಬಾಯಿ ಮುಚ್ಚಿಸುವಷ್ಟು. ಹಣ ಖಾತೆಗೆ ವಾಪಸ್ ಹಾಕಿ ಅಂತ ಕೋರಿಕೆಯನ್ನೂ ಕಳಿಸಿದ್ದ. ಹಣ ಬರಲು ಒಂದೆರಡು ದಿನ ಬೇಕು. ಆ ಗ್ಯಾಪ್‌ನಲ್ಲಿ, ಬೆಳಗಿನ ಜಾವ ನಾಲ್ಕಕ್ಕೆ, ತಾನೇ ಕೋರಿಕೆ ರದ್ದು ಮಾಡಿ ಅಷ್ಟನ್ನೂ ಆಡಿ ಕಳೆದಿದ್ದ. "ಗೆದ್ದಿದ್ರಲ್ಲಾ, ಸಾಲ ತೀರಿಸಬಹುದಿತ್ತಲ್ಲಾ?" ಅಂತ ಆಕೆ ಕೇಳಿದಳು. ಆತನ ಬಳಿ ಉತ್ತರ ಇರಲಿಲ್ಲ.

ನನ್ನ ಪ್ರಕಾರ ಇಡೀ ಪ್ರಕರಣಕ್ಕೆ ಬೀಗದ ಕೈ ಕೋರಿಕೆ ರದ್ದಾದ ಆ ಒಂದು ಸಾಲು. ಸಾಲ ತೀರಿಸಬೇಕು ಅಂತ ಆಡುತ್ತೇನೆ ಅಂತ ಆತ ಎಲ್ಲರಿಗೂ ಹೇಳುತ್ತಿದ್ದ, ತನಗೂ ಹೇಳಿಕೊಳ್ಳುತ್ತಿದ್ದ. ಸಾಲಕ್ಕೆ ಆಗುವಷ್ಟು ದುಡ್ಡು ಕೈಗೆ ಬಂದಾಗಲೂ ಅದು ಆಟಕ್ಕೇ ಹೋಯಿತು. ಹಾಗಿದ್ದ ಮೇಲೆ ಅಣ್ಣ ಕೊಟ್ಟ ದುಡ್ಡು ಬೇರೆ ಕಡೆ ಹೇಗೆ ನಿಲ್ಲಬೇಕಿತ್ತು?

ಮೊದಲ ಫೋನ್

ಆ ವಾರ ಮನೆಯಲ್ಲಿ ಆಗಬಾರದ್ದೆಲ್ಲ ಆಯಿತು. ಕೂಗಾಟ, ಮೌನ, "ಮಗಳನ್ನ ಕರ್ಕೊಂಡು ಹೋಗ್ತೀನಿ" ಅನ್ನುವ ಮಾತು. ಆತ ಆ್ಯಪ್ ಡಿಲೀಟ್ ಮಾಡಿ ತೋರಿಸಿದ. ಡಿಲೀಟ್ ಮಾಡಿದ ಆ್ಯಪ್ ಮತ್ತೆ ಹಾಕಲು ಎರಡು ನಿಮಿಷ ಸಾಕು ಅಂತ ಆಕೆಗೂ ಗೊತ್ತಿತ್ತು.

ಜೂಜಿನ ತೊಂದರೆಗೆ ಸಹಾಯವಾಣಿ ಇದೆ ಅಂತ ಆಕೆಗೆ ತಿಳಿದದ್ದು ಫೋನಿನಲ್ಲಿ ಹುಡುಕಿದಾಗ. ಆಡುವವರೇ ಫೋನ್ ಮಾಡಬೇಕೇನೋ ಅಂತ ಎರಡು ದಿನ ಸುಮ್ಮನಿದ್ದಳು. ತುಂಬಾ ಮನೆಗಳು ಇಲ್ಲೇ ನಿಂತುಬಿಡುತ್ತವೆ. ಇಂಥ ಸಹಾಯವಾಣಿಗಳು ಮನೆಯವರ ಜೊತೆಗೂ ಮಾತಾಡುತ್ತವೆ. ಹೆಸರು ಹೇಳಲೇಬೇಕು ಅಂತಿಲ್ಲ. ಜೂಜಿಗೇ ಅಂತ ಸಹಾಯವಾಣಿ ಇಲ್ಲದ ಕಡೆ ಮಾನಸಿಕ ಆರೋಗ್ಯದ ಸಹಾಯವಾಣಿಗೆ, ಇಲ್ಲವೇ ಚಟ ಬಿಡಿಸುವ ಕೇಂದ್ರಕ್ಕೆ ಫೋನ್ ಮಾಡಬಹುದು.

ಫೋನ್ ಎತ್ತಿದ ಆಪ್ತಸಲಹೆಗಾರ್ತಿ ಮೊದಲು ಎರಡೇ ಪ್ರಶ್ನೆ ಕೇಳಿದರು. ದುಡ್ಡಿನ ಮೊತ್ತ ಏರಿಸುತ್ತಲೇ ಹೋಗಬೇಕು ಅಂತ ಆತನಿಗೆ ಅನ್ನಿಸಿದೆಯಾ? ಎಷ್ಟು ಆಡಿದೆ ಅನ್ನುವುದರ ಬಗ್ಗೆ ತನ್ನವರ ಹತ್ತಿರ ಸುಳ್ಳು ಹೇಳಬೇಕಾಗಿ ಬಂದಿದೆಯಾ? ಈ ಎರಡು ಪ್ರಶ್ನೆಗಳ ಪರೀಕ್ಷೆ 1990ರ ದಶಕದಿಂದ ಬಳಕೆಯಲ್ಲಿದೆ. ಒಂದಕ್ಕೆ ಹೌದು ಅಂದರೂ ಸರಿಯಾಗಿ ತಪಾಸಣೆ ಮಾಡಿಸಬೇಕು ಅಂತ ಅರ್ಥ. ಆಕೆ ಎರಡಕ್ಕೂ ಹೌದು ಅಂದಳು.

ಮೂರನೇ ಪ್ರಶ್ನೆಗೆ ಆಕೆ ತಯಾರಿರಲಿಲ್ಲ. "ಅವರಿಗೆ ಸಾಯೋ ಯೋಚನೆ ಬಂದಿದೆಯಾ ಅಂತ ಕೇಳಿದ್ದೀರಾ?"

"ಇಲ್ಲ ಮೇಡಂ. ಕೇಳಿದ್ರೆ ನಾನೇ ತಲೇಲಿ ಹುಳ ಬಿಟ್ಟ ಹಾಗೆ ಆಗಲ್ವಾ?"

ಹಾಗೆ ಆಗುವುದಿಲ್ಲ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮೊದಲೇ ಇದ್ದರೆ ಹೊರಗೆ ಬರಲು ದಾರಿ ಸಿಗುತ್ತದೆ. ಜೂಜಿನ ಚಟ ಇರುವವರಲ್ಲಿ ಆತ್ಮಹತ್ಯೆಯ ಅಪಾಯ ಬೇರೆಯವರಿಗಿಂತ ಜಾಸ್ತಿ. ಮುಚ್ಚಿಟ್ಟ ಸಾಲ ಬಯಲಾದ ದಿನಗಳಲ್ಲಿ ವಿಶೇಷವಾಗಿ ಎಚ್ಚರ ಬೇಕು. ಅದಕ್ಕೇ ಈ ಪ್ರಶ್ನೆ ದುಡ್ಡಿನ ಪ್ರಶ್ನೆಗಿಂತ ಮೊದಲು ಬರಬೇಕು. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ.

ಅವತ್ತು ರಾತ್ರಿ ಮಗಳು ಮಲಗಿದ ಮೇಲೆ ಆಕೆ ಕೇಳಿದಳು. "ಬೈಯೋಕೆ ಕೇಳ್ತಿಲ್ಲ. ನಿಜ ಹೇಳಿ. ಸತ್ತೋಗಬೇಕು ಅಂತ ಅನ್ಸಿದ್ಯಾ ನಿಮಗೆ?"

ಆತ ಬಹಳ ಹೊತ್ತು ತಲೆ ಎತ್ತಲಿಲ್ಲ. "ಅನ್ಸಿದೆ. ವಿಮೆ ದುಡ್ಡಲ್ಲಾದ್ರೂ ನಿಮ್ಮಿಬ್ಬರ ಸಾಲ ತೀರುತ್ತೆ ಅಂತ."

ಅಣ್ಣ ಅವತ್ತೇ ಬಂದು ಮನೆಯಲ್ಲಿ ಉಳಿದ. ಆತನನ್ನು ಒಂಟಿಯಾಗಿ ಬಿಡಲಿಲ್ಲ. ಅಪಾಯವಾಗಬಹುದಾದ ವಸ್ತುಗಳನ್ನು ಮನೆಯಿಂದ ತೆಗೆದರು. ಮಾರನೇ ದಿನವೇ ವೈದ್ಯರ ಬಳಿ ಕರೆದುಕೊಂಡು ಹೋದರು. ಈಗಲೇ ಏನಾದರೂ ಮಾಡಿಕೊಳ್ಳುವಂತಿದ್ದರೆ ಮಾರನೇ ದಿನದವರೆಗೂ ಕಾಯಬಾರದು, ನೇರ ತುರ್ತು ಚಿಕಿತ್ಸೆಗೇ ಹೋಗಬೇಕು.

ವೈದ್ಯರು ಹೇಳಿದ್ದು

ಮನೋವೈದ್ಯರು ಮೊದಲು ಆತ ತೆಗೆದುಕೊಳ್ಳುವ ಮಾತ್ರೆಗಳ ಬಗ್ಗೆ ಕೇಳಿದರು. ವಿಚಿತ್ರ ಅನ್ನಿಸಿತು ಮನೆಯವರಿಗೆ. ಕಾರಣ ಇದೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ತರಹದ ಔಷಧಿಗಳಿಂದ ಕೆಲವರಲ್ಲಿ ಜೂಜಿನ ಹುಚ್ಚು ಹುಟ್ಟುತ್ತದೆ. ಮನೋರೋಗಕ್ಕೆ ಕೊಡುವ ಅರಿಪಿಪ್ರಜೋಲ್ ಬಗ್ಗೆಯೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಇಂಥದೇ ಎಚ್ಚರಿಕೆ ಕೊಟ್ಟಿತು. ಅಂಥ ಮಾತ್ರೆ ನುಂಗುತ್ತಿರುವವರು ತಾವೇ ನಿಲ್ಲಿಸಬಾರದು, ವೈದ್ಯರಿಗೆ ಹೇಳಬೇಕು. ಈತನ ವಿಷಯದಲ್ಲಿ ಅದೇನೂ ಇರಲಿಲ್ಲ. ಖಿನ್ನತೆ ಇತ್ತು. ಅದಕ್ಕೆ ಬೇರೆಯಾಗಿ ಚಿಕಿತ್ಸೆ ಶುರುವಾಯಿತು.

ಆಮೇಲೆ ಅವರು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ, ಮಾನಸಿಕ ಕಾಯಿಲೆಗಳನ್ನು ಗುರುತಿಸುವ ಕೈಪಿಡಿಯಲ್ಲಿ ಜೂಜಿನ ಚಟಕ್ಕೆ ಕೊಟ್ಟ ಒಂಬತ್ತು ಲಕ್ಷಣಗಳನ್ನು ಒಂದೊಂದಾಗಿ ಕೇಳಿದರು. ಅದೇ ಕೈಪಿಡಿಯಲ್ಲಿ ಜೂಜಿನ ಚಟವನ್ನು ಮೊದಲ ಸಲ ಕುಡಿತ, ಮಾದಕ ವಸ್ತುಗಳ ಚಟದ ಗುಂಪಿಗೆ ಸೇರಿಸಿದ್ದು. 12 ತಿಂಗಳಲ್ಲಿ ನಾಲ್ಕು ಲಕ್ಷಣ ಕಂಡರೆ ಕಾಯಿಲೆ ಇದೆ ಅಂತ. ಎಂಟೋ ಒಂಬತ್ತೋ ಇದ್ದರೆ ತೀವ್ರ. ಈತನಿಗೆ ಎಂಟು ಇದ್ದವು. ಮೊತ್ತ ಏರಿಸುವುದು, ನಿಲ್ಲಿಸಲು ಹೋದರೆ ಸಿಡಿಮಿಡಿ, ನಿಲ್ಲಿಸಲು ಮಾಡಿದ ಪ್ರಯತ್ನ ಸೋಲುವುದು, ಹೋದ ದುಡ್ಡು ವಾಪಸ್ ತರಲು ಮಾರನೇ ದಿನ ಮತ್ತೆ ಕೂರುವುದು, ಸುಳ್ಳು.

ಒಂಬತ್ತನೇ ಲಕ್ಷಣ ಓದಿದಾಗ ಅಣ್ಣ ಬೆಚ್ಚಿಬಿದ್ದ. ಜೂಜಿನಿಂದ ಬಂದ ದುಡ್ಡಿನ ಸಂಕಟ ನೀಗಿಸಲು ಬೇರೆಯವರನ್ನು ನೆಚ್ಚಿಕೊಳ್ಳುವುದು. ಅಂದರೆ ತಾನು ಕೊಟ್ಟ ದುಡ್ಡು ಕಾಯಿಲೆಗೆ ಮದ್ದಾಗಿರಲಿಲ್ಲ. ಕಾಯಿಲೆಯ ಪಟ್ಟಿಯಲ್ಲೇ ಅದೂ ಒಂದು.

"ಹಂಗಾದ್ರೆ ಇದೆಲ್ಲಾ ನನ್ನಿಂದ್ಲೇ ಆಯ್ತಾ ಡಾಕ್ಟ್ರೇ?" ಅಂದ.

"ನಿಮ್ಮಿಂದ ಆಗಿಲ್ಲ. ನೀವು ಪ್ರೀತಿಯಿಂದ ಕೊಟ್ರಿ. ಆದ್ರೆ ಸಾಲ ಹೋದ ಕೂಡ್ಲೇ ಅವರಿಗೆ ಮತ್ತೆ ಸಾಲ ಸಿಗೋ ಹಾಗಾಯ್ತು. ಇನ್ಮೇಲೆ ದುಡ್ಡು ಕೊಡಬೇಡಿ, ನಿಮ್ಮ ಟೈಮ್ ಕೊಡಿ."

ಇಲ್ಲಿ ಒಂದು ಮಾತು ಸೇರಿಸಲೇಬೇಕು. ದುಡ್ಡು ಕೊಡಬೇಡಿ ಅಂತ ಹೊರಗಿನವರು ಹೇಳುವುದು ಸುಲಭ. "ನಾನು ಕೊಡದೇ ಹೋಗಿ ಅವನು ಏನಾದ್ರೂ ಮಾಡ್ಕೊಂಡ್ರೆ?" ಅನ್ನುವ ಭಯದಲ್ಲಿ ಅಣ್ಣ ಎಷ್ಟೋ ರಾತ್ರಿ ನಿದ್ದೆ ಮಾಡಿರಲಿಲ್ಲ. ಆ ಭಯ ನ್ಯಾಯವಾದದ್ದೇ. ಅದಕ್ಕೆ ಉತ್ತರ ಚೆಕ್ ಬರೆಯುವುದಲ್ಲ, ಆ ಭಯವನ್ನು ವೈದ್ಯರ ಮುಂದೆ ಇಡುವುದು. ಅಣ್ಣ ಹಾಗೇ ಮಾಡಿದ. ಅಲ್ಲಿಂದ ಮುಂದೆ ಪ್ರತಿ ಭೇಟಿಗೂ ತಮ್ಮನನ್ನು ಕರೆದುಕೊಂಡು ಹೋಗುವುದು ಆತನ ಜವಾಬ್ದಾರಿ ಆಯಿತು.

ದುಡ್ಡಿಗೆ ಬೇಲಿ

ಚಿಕಿತ್ಸೆಯ ಮಾತುಕತೆ ಕೆಲಸ ಮಾಡಲು ವಾರಗಳು ಬೇಕು. ಅಷ್ಟರೊಳಗೆ ಇನ್ನೊಂದು ಸಂಬಳದ ದಿನ ಬರುತ್ತದೆ. ಹಾಗಾಗಿ ಮೊದಲ ಕೆಲಸ ದುಡ್ಡು ಮತ್ತು ಆತನ ನಡುವೆ ದೂರ ಹೆಚ್ಚಿಸುವುದು. ಆತ ಒಪ್ಪಿಯೇ ಇದನ್ನೆಲ್ಲ ಮಾಡಿದ್ದು, ಕಿತ್ತುಕೊಂಡದ್ದಲ್ಲ. ಆ ಒಪ್ಪಿಗೆ ಮುಖ್ಯ.

ಸಂಬಳ ಹೆಂಡತಿಯ ಖಾತೆಗೆ ಬರುವಂತೆ ಕಚೇರಿಗೆ ಬರೆದುಕೊಟ್ಟ. ಕ್ರೆಡಿಟ್ ಕಾರ್ಡ್‌ಗಳನ್ನು ಕತ್ತರಿಸಿದ್ದಷ್ಟೇ ಅಲ್ಲ, ಬ್ಯಾಂಕಿಗೆ ಹೇಳಿ ಮುಚ್ಚಿಸಿದ. ಕತ್ತರಿಸಿದ ಕಾರ್ಡಿನ ನಂಬರ್ ಆ್ಯಪ್‌ನಲ್ಲಿ ಉಳಿದಿರುತ್ತದೆ, ಅದು ಕೆಲಸ ಮಾಡುತ್ತಲೇ ಇರುತ್ತದೆ. ಕೆಲವು ಬ್ಯಾಂಕುಗಳಲ್ಲಿ ಜೂಜಿಗೆ ಹೋಗುವ ಪಾವತಿಯನ್ನು ಪೂರ್ತಿ ತಡೆಯುವ ಸೌಲಭ್ಯವೂ ಇದೆ. ಬಸ್ಸು, ಊಟದ ಖರ್ಚಿಗೆ ವಾರಕ್ಕಿಷ್ಟು ಅಂತ ಕೈಯಲ್ಲಿ ನಗದು. ಇಬ್ಬರು ಗೆಳೆಯರಿಗೆ, ಒಬ್ಬ ಸಹೋದ್ಯೋಗಿಗೆ ಆತ ತಾನೇ ಫೋನ್ ಮಾಡಿ ಹೇಳಿದ: ನಾನು ಕೈಸಾಲ ಕೇಳಿದರೆ ಕೊಡಬೇಡಿ, ಮನೆಗೆ ಹೇಳಿ. ಆ ಮೂರು ಫೋನ್ ಮಾಡಲು ಒಂದಿಡೀ ದಿನ ಹಿಡಿಯಿತು. ನಾಚಿಕೆ ಅಷ್ಟಿತ್ತು.

ಜೂಜಿನ ಆ್ಯಪ್, ಜಾಲತಾಣಗಳನ್ನು ತಡೆಯುವ ತಂತ್ರಾಂಶ ಹಾಕಿದರು. ಗ್ಯಾಂಬಾನ್, ಬೆಟ್‌ಬ್ಲಾಕರ್ ಅಂತ ಇವೆ. ಬೆಟ್‌ಬ್ಲಾಕರ್‌ಗೆ ದುಡ್ಡು ಕೊಡಬೇಕಿಲ್ಲ. ಒಂದು ಸಲ ಹಾಕಿದರೆ ಇಷ್ಟ ಬಂದಾಗ ತೆಗೆಯಲು ಬರದ ಹಾಗೆ ಇವನ್ನು ಮಾಡಿರುತ್ತಾರೆ. ಆಮೇಲೆ ತನ್ನನ್ನು ಆಟಕ್ಕೆ ಸೇರಿಸಬೇಡಿ ಅಂತ ಆಡುವವರೇ ಬರೆದುಕೊಡುವ ಸ್ವಯಂ ನಿಷೇಧ. ಬ್ರಿಟನ್ನಿನ ಗ್ಯಾಮ್‌ಸ್ಟಾಪ್, ಸ್ವೀಡನ್ನಿನ ಸ್ಪೆಲ್‌ಪೌಸ್ ತರಹದ ವ್ಯವಸ್ಥೆಯಲ್ಲಿ ಒಂದೇ ಸಲ ಹೆಸರು ಕೊಟ್ಟರೆ ಆ ದೇಶದಲ್ಲಿ ಪರವಾನಗಿ ಇರುವ ಎಲ್ಲ ಆನ್‌ಲೈನ್ ಕಂಪನಿಗಳೂ ಬಾಗಿಲು ಹಾಕಬೇಕು. ಅಂಥದ್ದಿಲ್ಲದ ಕಡೆ ಒಂದೊಂದು ಕಂಪನಿಗೂ ಬೇರೆ ಬೇರೆ ಬರೆಯಬೇಕು. ಈತ ಹಾಗೇ ಬರೆದ. ಪರವಾನಗಿ ಇಲ್ಲದೆ ಹೊರದೇಶದಿಂದ ನಡೆಸುವ ತಾಣಗಳಿಗೆ ಈ ನಿಷೇಧ ತಾಗುವುದಿಲ್ಲ. ಅದಕ್ಕೇ ತಡೆ ತಂತ್ರಾಂಶವೂ ಬೇಕು, ನಿಷೇಧವೂ ಬೇಕು, ದುಡ್ಡೂ ಕೈಯಲ್ಲಿರಬಾರದು. ಒಂದೇ ಬೇಲಿ ಸಾಲದು.

ಸಾಲದ ಪಟ್ಟಿ ಒಂದೇ ಸಲಕ್ಕೆ ಪೂರ್ತಿ ಆಗಲಿಲ್ಲ. ಮೊದಲ ದಿನ ಐದು ಸಾಲ ಹೇಳಿದ. "ಇಷ್ಟೇನಾ?" "ಇಷ್ಟೇ." ವಾರದ ಮೇಲೆ ಆರನೆಯದು ಹೊರಬಿತ್ತು. ತಿಂಗಳಾದ ಮೇಲೆ ಇನ್ನೊಂದು, ತನ್ನ ಮಾವನಿಂದಲೇ ತೆಗೆದುಕೊಂಡದ್ದು. ಹೆಂಡತಿಗೆ ಜಾಸ್ತಿ ನೋವಾದದ್ದು ಆ ಏಳನೆಯದರಿಂದ. ತನ್ನ ಅಪ್ಪನೂ ಗುಟ್ಟು ಇಟ್ಟುಕೊಂಡಿದ್ದರಲ್ಲಾ ಅಂತ. ಸತ್ಯ ಹೀಗೆ ಕಂತಿನಲ್ಲಿ ಬರುವುದು ಈ ಚಟದಲ್ಲಿ ತೀರಾ ಮಾಮೂಲು. ಮನೆಯವರಿಗೆ ಇದು ಮೊದಲೇ ಗೊತ್ತಿದ್ದರೆ ಎರಡನೇ ಸಾಲ ಹೊರಬಿದ್ದ ದಿನವೇ ಎಲ್ಲ ಮುಗಿಯಿತು ಅಂತ ಕೈಚೆಲ್ಲುವುದಿಲ್ಲ.

ಮಾತಿನ ಚಿಕಿತ್ಸೆ

ಜೂಜಿನ ಚಟಕ್ಕೆ ಹೆಚ್ಚು ಪುರಾವೆ ಇರುವ ಚಿಕಿತ್ಸೆ ಸಿಬಿಟಿ, ಅಂದರೆ ಯೋಚನೆ ಮತ್ತು ವರ್ತನೆಯನ್ನು ಹಿಡಿದು ತಿದ್ದುವ ಮಾತಿನ ಚಿಕಿತ್ಸೆ. ನಾಲ್‌ಟ್ರೆಕ್ಸೋನ್ ಎಂಬ ಔಷಧಿಯನ್ನು ಕೆಲವು ವೈದ್ಯರು ಕೊಡುತ್ತಾರೆ. ಈತನಿಗೆ ಅದು ಬೇಕಾಗಲಿಲ್ಲ.

ಮೊದಲ ಕೆಲವು ವಾರ ಒಂದು ಹಾಳೆ ತುಂಬುವ ಕೆಲಸ. ಆಡಬೇಕು ಅನ್ನಿಸಿದ್ದು ಎಷ್ಟು ಗಂಟೆಗೆ, ಎಲ್ಲಿದ್ದೆ, ಅದಕ್ಕೆ ಮುಂಚೆ ಏನಾಯಿತು, ಕೈಯಲ್ಲಿ ದುಡ್ಡು ಎಷ್ಟಿತ್ತು, ಎಷ್ಟು ಹೊತ್ತಿಗೆ ಆ ಆಸೆ ಇಳಿಯಿತು. ಹೆಂಡತಿಯ ಜೊತೆ ಜಗಳ ಆದಾಗ ಆಡುತ್ತೇನೆ ಅಂತ ಆತ ಅಂದುಕೊಂಡಿದ್ದ. ಹಾಳೆ ಬೇರೆ ಹೇಳಿತು. ಎಳೆತ ಬರುತ್ತಿದ್ದದ್ದು ಎರಡು ಹೊತ್ತಲ್ಲಿ. ಸಾಲದವರ ಫೋನ್ ಬಂದ ಅರ್ಧ ಗಂಟೆಯೊಳಗೆ. ಮತ್ತೆ ರಾತ್ರಿ ಮನೆಯೆಲ್ಲ ಮಲಗಿ, ತಾನೊಬ್ಬನೇ ಫೋನ್ ಹಿಡಿದು ಮಲಗಿದಾಗ. ಹಾಳೆಯ ಕೊನೇ ಕಲಂ ನೋಡಿ ಆತನಿಗೇ ಆಶ್ಚರ್ಯ. ಆ ಆಸೆ ತಡೆಯಲಾರದಷ್ಟು ಏರಿದಾಗಲೂ ಇಪ್ಪತ್ತು ನಿಮಿಷ, ಅರ್ಧ ಗಂಟೆಯಲ್ಲಿ ತಾನಾಗಿ ಇಳಿದಿತ್ತು. ಅಲ್ಲಿಯವರೆಗೆ ಅದು ಆಡದೇ ಇಳಿಯಲಾರದು ಅಂತ ಆತ ನಂಬಿದ್ದ.

ಹಾಗಾಗಿ ಯೋಜನೆಯೂ ಸರಳವಾಯಿತು. ಸಾಲದವರ ಫೋನ್‌ಗಳನ್ನು ಹೆಂಡತಿ ಅಥವಾ ಅಣ್ಣನ ಎದುರಲ್ಲೇ ಎತ್ತುವುದು. ರಾತ್ರಿ ಹತ್ತಕ್ಕೆ ಫೋನ್ ಬೇರೆ ಕೋಣೆಯಲ್ಲಿ ಚಾರ್ಜಿಗೆ. ಎಳೆತ ಬಂದರೆ ಅರ್ಧ ಗಂಟೆ ಹೊರಗೆ ನಡೆದು ಬರುವುದು, ಆ ಹೊತ್ತಲ್ಲಿ ಒಬ್ಬರಿಗೆ ಫೋನ್ ಮಾಡುವುದು.

ಯೋಚನೆಯ ಭಾಗಕ್ಕೆ ಇನ್ನೂ ಹೊತ್ತು ಹಿಡಿಯಿತು. "ಇಷ್ಟು ಸಲ ಸೋತಿದ್ದೀನಿ, ಇನ್ನು ಗೆಲ್ಲಲೇಬೇಕು" ಅನ್ನುವುದು ಆತನ ತಲೆಯಲ್ಲಿ ಕಲ್ಲಿನಂತೆ ಕೂತಿತ್ತು. ಚಿಕಿತ್ಸಕರು 1913ರ ಆಗಸ್ಟ್ 18ರಂದು ಮೊನಾಕೊ ದೇಶದ ಮಾಂಟೆ ಕಾರ್ಲೋದಲ್ಲಿ ನಡೆದ ಕಥೆ ಹೇಳಿದರು. ಅಲ್ಲಿನ ಕ್ಯಾಸಿನೋದಲ್ಲಿ, ಕೆಂಪು ಕಪ್ಪು ಮನೆಗಳಿರುವ ರೂಲೆಟ್ ಚಕ್ರದಲ್ಲಿ ಚೆಂಡು ಸತತ 26 ಸಲ ಕಪ್ಪು ಮನೆಯಲ್ಲೇ ಬಿತ್ತು. ಪ್ರತಿ ಸಲವೂ ಇನ್ನು ಕೆಂಪು ಬರಲೇಬೇಕು ಅಂತ ಜನ ಮುಗಿಬಿದ್ದು ದುಡ್ಡು ಕಟ್ಟಿದರು, ಕಳೆದುಕೊಂಡರು. ಚಕ್ರಕ್ಕೆ ಹಿಂದಿನ ಸುತ್ತು ನೆನಪಿರುವುದಿಲ್ಲ. ಲೆಕ್ಕದವನಾದ ಆತನಿಗೆ ಇದು ಹೊಸ ವಿಷಯವೇನಲ್ಲ. ಹೊಸದಾಗಿದ್ದದ್ದು ತನ್ನದೇ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟು, ಅದೇ ತಪ್ಪನ್ನು ಗಂಟೆ ನಿಮಿಷದ ಸಮೇತ ಓದಿದ್ದು.

ಇನ್ನೊಂದು, "ಕೂದಲೆಳೆಯಲ್ಲಿ ತಪ್ಪಿತು" ಅನ್ನುವ ಭಾವನೆ. ಸ್ಲಾಟ್ ಆಟದಲ್ಲಿ ಮೂರರಲ್ಲಿ ಎರಡು ಚಿತ್ರ ಹೊಂದಿ ಮೂರನೆಯದು ಚೂರು ಕೆಳಗೆ ನಿಂತರೆ ಅದು ಪೂರ್ತಿ ಸೋಲೇ. ಆದರೆ ಮೆದುಳು ಹಾಗೆ ತೆಗೆದುಕೊಳ್ಳುವುದಿಲ್ಲ. ಕೇಂಬ್ರಿಜ್‌ನಲ್ಲಿ ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೆದ್ದಾಗ ಚುರುಕಾಗುವ ಮೆದುಳಿನ ಭಾಗಗಳು ಹೀಗೆ ಚೂರು ತಪ್ಪಿದಾಗಲೂ ಚುರುಕಾಗಿದ್ದವು. ಇದನ್ನು ಕೇಳಿ ಆತ ಹೇಳಿದ್ದು: "ಅಂದ್ರೆ ನಾನು ಸೋಲ್ತಿದ್ದಾಗ್ಲೂ ಒಳಗೆ ಗೆಲ್ತಾ ಇದ್ದೆ." ತನ್ನನ್ನು ತಾನು ಬರೀ ದುರಾಸೆಯವನು ಅಂತ ಬೈದುಕೊಳ್ಳುವುದನ್ನು ಆತ ಅಲ್ಲಿಂದ ಕಡಿಮೆ ಮಾಡಿದ. ನನಗೆ ಇದು ಸಣ್ಣ ಸಂಗತಿ ಅನ್ನಿಸುವುದಿಲ್ಲ. ನಾಚಿಕೆ ಜಾಸ್ತಿಯಾದಷ್ಟೂ ಮುಚ್ಚಿಡುವುದು ಜಾಸ್ತಿ, ಮುಚ್ಚಿಟ್ಟಷ್ಟೂ ಆಟ ಜಾಸ್ತಿ.

ಗುಂಪು

ಗ್ಯಾಂಬ್ಲರ್ಸ್ ಅನಾನಿಮಸ್ 1957ರ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಗುಂಪು. ಈಗ ಬೇರೆ ಬೇರೆ ದೇಶಗಳಲ್ಲಿ ಸಭೆ ಸೇರುತ್ತಾರೆ, ಆನ್‌ಲೈನ್‌ನಲ್ಲೂ ಸೇರುತ್ತಾರೆ. ಶುಲ್ಕ ಇಲ್ಲ. ಜೂಜು ನಿಲ್ಲಿಸಬೇಕು ಅನ್ನುವ ಆಸೆ ಇದ್ದರೆ ಸಾಕು, ಸೇರಬಹುದು. ಅವರದ್ದೇ 20 ಪ್ರಶ್ನೆಗಳ ಪಟ್ಟಿ ಇದೆ. ಚಟ ಹಿಡಿದ ಬಹುಪಾಲು ಜನ ಕನಿಷ್ಠ ಏಳಕ್ಕಾದರೂ ಹೌದು ಅನ್ನುತ್ತಾರೆ ಅಂತ ಅವರ ಲೆಕ್ಕ.

ಮೊದಲ ಸಭೆಯಲ್ಲಿ ಆತ ಬಾಯಿ ಬಿಡಲಿಲ್ಲ. ಎರಡನೆಯದಕ್ಕೆ ಹೋಗಲೇ ಇಲ್ಲ. ಮೂರನೆಯದಕ್ಕೆ ಅಣ್ಣ ಬಾಗಿಲವರೆಗೂ ಬಿಟ್ಟು ಹೊರಗೆ ಕಾದ. ಅವತ್ತು ಇನ್ನೊಬ್ಬರು, ಗೆದ್ದ ಹಣದ ಕೋರಿಕೆಯನ್ನು ತಾನೇ ರದ್ದು ಮಾಡಿದ ರಾತ್ರಿಯ ಬಗ್ಗೆ ಮಾತಾಡಿದರು. ಅದೇ ಕೆಲಸ ಮಾಡಿದ ಇನ್ನೊಬ್ಬ ಮನುಷ್ಯ ಜಗತ್ತಿನಲ್ಲಿದ್ದಾರೆ ಅಂತ ಆತನಿಗೆ ಅವತ್ತೇ ಗೊತ್ತಾದದ್ದು.

ಗುಂಪು ಎಲ್ಲರಿಗೂ ಒಗ್ಗುವುದಿಲ್ಲ. ಅದರಲ್ಲಿರುವ ಆಧ್ಯಾತ್ಮಿಕ ಧಾಟಿ ಕೆಲವರಿಗೆ ಹಿಡಿಸುವುದಿಲ್ಲ. ಅವರು ಸಿಬಿಟಿಯಲ್ಲೇ ಮುಂದುವರಿಯಬಹುದು. ಈತ ಎರಡನ್ನೂ ಇಟ್ಟುಕೊಂಡ. ಗುಂಪಿನ ಹಳಬರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಸಾಲ ತೀರಿಸುವ ಲೆಕ್ಕ ಹಾಕಿಕೊಡುವ ಒಂದು ಪದ್ಧತಿ ಅಲ್ಲಿದೆ. ಈ ಮನೆಗೆ ತುಂಬಾ ಉಪಯೋಗಕ್ಕೆ ಬಂದದ್ದು ಅದು. ಮನೆ ಖರ್ಚು ಮೊದಲು, ಉಳಿದದ್ದರಲ್ಲಿ ಸಾಲ ಕೊಟ್ಟ ಎಲ್ಲರಿಗೂ ಇಷ್ಟಿಷ್ಟು. ಕಂತು ಚಿಕ್ಕದು ಮಾಡಿ ಅಂತ ಒಬ್ಬೊಬ್ಬರ ಬಳಿಯೂ ಆತನೇ ಹೋಗಿ ಕೇಳಿದ. ಅಣ್ಣನ ಬ್ಯಾಂಕ್ ಸಾಲವೂ ಆ ಪಟ್ಟಿಯಲ್ಲಿ ಸೇರಿತು. ಒಂದೇ ದೊಡ್ಡ ಸಾಲ ತೆಗೆದು ಎಲ್ಲ ಚಿಕ್ಕ ಸಾಲ ಮುಗಿಸಿಬಿಡಿ ಅಂತ ಒಬ್ಬ ನೆಂಟರು ಸಲಹೆ ಕೊಟ್ಟಿದ್ದರು. ಬೇರೆಯವರಿಗೆ ಅದು ಒಳ್ಳೆಯ ಸಲಹೆಯೇ. ಜೂಜಿನ ಚಟ ಇರುವ ಮನೆಯಲ್ಲಿ ಮಾತ್ರ ಅಪಾಯ. ಹಳೇ ಖಾತೆಗಳೆಲ್ಲ ಖಾಲಿಯಾಗಿ ಮತ್ತೆ ಸಾಲಕ್ಕೆ ತೆರೆದುಕೊಳ್ಳುತ್ತವೆ.

ಹೆಂಡತಿಗೂ ಒಂದು ಜಾಗ ಬೇಕಿತ್ತು. ಗ್ಯಾಮ್-ಅನಾನ್ ಅನ್ನುವುದು ಜೂಜಾಡುವವರ ಮನೆಯವರಿಗೇ ಇರುವ ಗುಂಪು. ಗಂಡ ಚಿಕಿತ್ಸೆಗೆ ಒಪ್ಪದಿದ್ದರೂ ಹೆಂಡತಿಯೋ ಅಮ್ಮನೋ ಅಲ್ಲಿಗೆ ಹೋಗಬಹುದು. ಆಕೆ ರಾತ್ರಿ ಎರಡೆರಡು ಸಲ ಎದ್ದು ಗಂಡನ ಫೋನ್ ನೋಡುತ್ತಿದ್ದಳು. ಊಟ ಸೇರುತ್ತಿರಲಿಲ್ಲ. ಎಲ್ಲರೂ "ಅವನು ಹೇಗಿದ್ದಾನೆ?" ಅಂತ ಕೇಳುತ್ತಿದ್ದರು. "ನೀನು ಹೇಗಿದ್ದೀಯಾ?" ಅಂತ ಆಕೆಯನ್ನು ಮೊದಲು ಕೇಳಿದ್ದು ಆ ಗುಂಪಿನಲ್ಲಿ. ಫೋನ್ ಕಾವಲು ಬಿಟ್ಟು, ವಾರಕ್ಕೊಂದು ದಿನ ಇಬ್ಬರೂ ಕೂತು ಲೆಕ್ಕ ನೋಡುವುದು ಅಂತ ಮಾಡಿಕೊಂಡದ್ದು ಅಲ್ಲಿಂದ ಬಂದ ಸಲಹೆ.

ಐದನೇ ತಿಂಗಳು

ಕಚೇರಿ ಕೆಲಸಕ್ಕೆ ಓಡಾಡಿದ ಖರ್ಚಿನ ದುಡ್ಡು ನಗದಾಗಿ ಆತನ ಕೈಗೆ ಬಂತು. ಮನೆಯ ಬೇಲಿಯಲ್ಲಿ ಯಾರೂ ನೋಡದ ಸಂದು ಅದು. ಇನ್ನೊಂದು ಸಂದು ಕಚೇರಿಯ ಫೋನ್. ಅದರಲ್ಲಿ ತಡೆ ತಂತ್ರಾಂಶ ಇರಲಿಲ್ಲ. ದುಡ್ಡು ಒಬ್ಬ ಪರಿಚಯದವನ ಖಾತೆ ಮೂಲಕ ಹೋಯಿತು. ಎರಡು ರಾತ್ರಿ ಆಡಿದ, ಅಷ್ಟೂ ಹೋಯಿತು.

ಮೂರನೇ ದಿನ ಬೆಳಿಗ್ಗೆ ತಾನೇ ಹೇಳಿದ. ಇಲ್ಲಿ ಮನೆಯವರು ಮಾಡಿದ್ದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಚಿಕಿತ್ಸಕರ ಜೊತೆ ಮೊದಲೇ ಒಂದು ಹಾಳೆ ಬರೆದಿಟ್ಟಿದ್ದರು: ಮತ್ತೆ ಆಡಿದರೆ ಏನು ಮಾಡುವುದು ಅಂತ. ಆವತ್ತು ಬೈಗುಳ ಬೇಡ. ಮೊತ್ತ ಎಷ್ಟು, ದುಡ್ಡು ಎಲ್ಲಿಂದ ಬಂತು, ಯಾವ ದಾರಿಯಲ್ಲಿ ಹೋಯಿತು, ಇಷ್ಟು ಮಾತ್ರ ಕೇಳುವುದು. ಆ ದಾರಿ ಮುಚ್ಚುವುದು. ಅದೇ ವಾರ ಚಿಕಿತ್ಸಕರನ್ನು ನೋಡುವುದು. ಸಾಯುವ ಯೋಚನೆ ಮತ್ತೆ ಬಂದಿದೆಯಾ ಅಂತ ಮತ್ತೆ ನೇರ ಕೇಳುವುದು. ಆಕೆಗೆ ಸಿಟ್ಟು ಬರಲಿಲ್ಲ ಅಂತಲ್ಲ. ಸಿಟ್ಟನ್ನು ತನ್ನ ಗುಂಪಿನಲ್ಲಿ ಹೇಳಿಕೊಂಡಳು, ಎರಡು ದಿನ ಬಿಟ್ಟು ಗಂಡನಿಗೂ ಹೇಳಿದಳು.

"ಮತ್ತೆ ಮೊದಲಿನ ಹಾಗೇ ಆಯ್ತಲ್ಲಾ" ಅಂದ ಅಣ್ಣ. ಚಿಕಿತ್ಸಕರು ಒಪ್ಪಲಿಲ್ಲ. ಮೊದಲ ಸಲ ಮುಚ್ಚಿಟ್ಟದ್ದು ಎರಡು ವರ್ಷಕ್ಕೂ ಮೇಲೆ. ಈ ಸಲ ಎರಡು ದಿನ. ಕಚೇರಿಯ ಖರ್ಚಿನ ದುಡ್ಡು ಅಂದಿನಿಂದ ಖಾತೆಗೇ ಬರುವಂತಾಯಿತು. ಕಚೇರಿಯ ಫೋನ್‌ಗೂ ತಡೆ ಬಿತ್ತು.

ಈಗ

ಮೊದಲ ಫೋನ್ ಆಗಿ ಒಂದೂವರೆ ವರ್ಷ. ಐದನೇ ತಿಂಗಳ ಆ ಎರಡು ರಾತ್ರಿ ಬಿಟ್ಟರೆ ಆತ ಆಡಿಲ್ಲ. ಖಿನ್ನತೆಯ ಮಾತ್ರೆ ವೈದ್ಯರ ಸಲಹೆಯಂತೆ ನಿಧಾನವಾಗಿ ಕಡಿಮೆಯಾಗುತ್ತಿದೆ. ಏಳು ಸಾಲಗಳಲ್ಲಿ ಮೂರು ತೀರಿವೆ. ಉಳಿದ ನಾಲ್ಕು ಮತ್ತು ಅಣ್ಣನ ಬ್ಯಾಂಕ್ ಸಾಲಕ್ಕೆ ಇನ್ನೂ ಕೆಲವು ವರ್ಷ ಬೇಕು. ಮಾವನ ಜೊತೆ ಮಾತು ಇನ್ನೂ ಮೊದಲಿನ ಹಾಗಿಲ್ಲ.

ಸಂಬಳ ಈಗಲೂ ಹೆಂಡತಿಯ ಖಾತೆಗೇ ಬರುತ್ತದೆ. ಅದನ್ನು ವಾಪಸ್ ತನ್ನ ಖಾತೆಗೆ ಮಾಡಿಸಿಕೊಳ್ಳುವ ಬಗ್ಗೆ ಆತ ಒಂದು ಸಲ ಕೇಳಿದ. ಆಕೆ ಆಗಲ್ಲ ಅನ್ನಲಿಲ್ಲ, ಆಗಲಿ ಅಂತಲೂ ಅನ್ನಲಿಲ್ಲ. ಮುಂದಿನ ಭೇಟಿಯಲ್ಲಿ ಚಿಕಿತ್ಸಕರ ಮುಂದೆ ಕೂತು ಮಾತಾಡೋಣ ಅಂದಳು. ಎಷ್ಟು ಭಾಗ, ಯಾವಾಗಿನಿಂದ, ವಾರದ ಲೆಕ್ಕ ನೋಡುವುದು ಮುಂದುವರಿಯಬೇಕಾ ಅನ್ನುವುದನ್ನೆಲ್ಲ ಅಲ್ಲಿ ಬರೆದುಕೊಳ್ಳುತ್ತಾರೆ.